ಕಾರ್ ಪಾರ್ಕಿಂಗ್ ನೆಲಕ್ಕೆ ಎಪಾಕ್ಸಿ ಹಾಕಿಸಿದರೆ 20 ವರ್ಷ ಬಾಳುತ್ತದೆಯೇ?

ಈ ಬಗೆಯ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎಣ್ಣೆ ಕಲೆ ಹಿಡಿದ, ಅಲ್ಲಲ್ಲಿ ಬಿರುಕು ಬಿಟ್ಟ ಸಿಮೆಂಟ್ ನೆಲ. ಒಬ್ಬರು ಬಕೆಟ್‌ನಿಂದ ಬೂದು ಬಣ್ಣದ ದ್ರವ ಸುರಿಯುತ್ತಾರೆ, ಉದ್ದನೆಯ ಪಟ್ಟಿಯಿಂದ ಎಳೆಯುತ್ತಾರೆ, ಅರ್ಧ ನಿಮಿಷದಲ್ಲಿ ನೆಲ ಕನ್ನಡಿಯಂತಾಗುತ್ತದೆ. ಜೊತೆಗೊಂದು ಬರಹ: ಆಸಿಡ್ ಹಾಕಿ ತೊಳೆಯಿರಿ, ಎಪಾಕ್ಸಿ ಬಳಿಯಿರಿ, 20 ವರ್ಷ ತಿರುಗಿ ನೋಡಬೇಕಿಲ್ಲ, ನೀರೂ ಜಿನುಗುವುದಿಲ್ಲ.

ಎಪಾಕ್ಸಿ ಗಟ್ಟಿ ಎನ್ನುವುದು ನಿಜ. ಔಷಧ ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ ಅದರ ಮೇಲೆ ದಿನವಿಡೀ ಫೋರ್ಕ್‌ಲಿಫ್ಟ್ ಓಡಾಡುತ್ತದೆ. ಆದರೆ ಮನೆಯ ಪಾರ್ಕಿಂಗ್‌ನಲ್ಲಿ ಹಾಕಿಸಿದವರನ್ನು ಎರಡು ಮಳೆಗಾಲ ಕಳೆದ ಮೇಲೆ ಕೇಳಿ ನೋಡಿ. ಕೆಲವರ ನೆಲ ಹಾಗೇ ಇರುತ್ತದೆ. ಇನ್ನು ಕೆಲವರ ನೆಲ ಬಿಸಿಲಿಗೆ ಸುಲಿದ ಚರ್ಮದಂತೆ ಸಿಪ್ಪೆ ಏಳುತ್ತಿರುತ್ತದೆ. ಎರಡು ಕಡೆಯೂ ಒಂದೇ ಡಬ್ಬಿಯ ಮಾಲು ಬಳಸಿದ್ದರೂ ಹೀಗಾಗಬಹುದು. ಮನೆಗಳಲ್ಲಿ ಎಪಾಕ್ಸಿ ಸವೆದು ಹಾಳಾಗುವುದು ಕಡಿಮೆ, ಕೆಳಗಿನ ಕಾಂಕ್ರೀಟ್‌ನ ಕೈಬಿಟ್ಟು ಏಳುವುದೇ ಹೆಚ್ಚು. ಆದ್ದರಿಂದ ಯಾವ ಕೋಟಿಂಗ್ ಗಟ್ಟಿ ಎಂದು ಕೇಳುವ ಮೊದಲು, ನಮ್ಮ ನೆಲ ಅದನ್ನು ಹಿಡಿದುಕೊಳ್ಳುತ್ತದೆಯೇ ಎಂದು ಕೇಳಬೇಕು.

ಕಾಂಕ್ರೀಟ್ ಕಲ್ಲಲ್ಲ, ಸ್ಪಂಜು

ಕಾಂಕ್ರೀಟ್ ನೋಡಲು ಕಲ್ಲಿನಂತೆ ಕಂಡರೂ ಒಳಗೆ ಕೂದಲಿಗಿಂತ ಸಣ್ಣ ದಾರಿಗಳು ತುಂಬಿರುತ್ತವೆ. ಸಿಮೆಂಟಿನ ಜೊತೆ ಬೆರೆಯದೆ ಉಳಿದ ನೀರು ಆವಿಯಾಗಿ ಹೋದಾಗ ಬಿಟ್ಟುಹೋದ ದಾರಿಗಳು ಅವು. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ, ಅದೇ ದಾರಿಗಳಲ್ಲಿ ಮಣ್ಣಿನ ತೇವ ಮೇಲೇರುತ್ತದೆ.

ಇಲ್ಲಿ ನಿಮ್ಮ ಪಾರ್ಕಿಂಗ್ ಯಾವ ಬಗೆಯದು ಎಂಬುದು ಮುಖ್ಯ. ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ಮೇಲಿರುವ ಪಾರ್ಕಿಂಗ್ ಆದರೆ ಆ ಸ್ಲ್ಯಾಬಿನ ಕೆಳಗೆ ಗಾಳಿ ಇರುತ್ತದೆ, ಮಣ್ಣಿರುವುದಿಲ್ಲ. ಹಾಗಾಗಿ ತೇವದ ತೊಂದರೆ ಕಡಿಮೆ. ಸ್ವಂತ ಮನೆಯ ಗೇಟಿನೊಳಗೆ, ಪೋರ್ಟಿಕೋದಲ್ಲಿ, ಅಥವಾ ಮೇಲೆ ಬಾಡಿಗೆ ಮನೆ ಕಟ್ಟಿಸಿ ಕೆಳಗೆ ಬಿಟ್ಟ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರೆ ಆ ನೆಲ ನೇರ ಮಣ್ಣಿನ ಮೇಲೆ ಕೂತಿರುತ್ತದೆ. ಗೋಡೆಯ ಕೆಳಗೆ ಪ್ಲಿಂತ್ ಮಟ್ಟದಲ್ಲಿ ತೇವ ತಡೆಯುವ ಪದರ ಹಾಕಿಸಿದವರೂ ಪಾರ್ಕಿಂಗ್ ನೆಲದ ಕೆಳಗೆ ದಪ್ಪ ಪಾಲಿಥೀನ್ ಹಾಳೆ ಹಾಸಿಸಿರುವುದಿಲ್ಲ. ಆಗ ಅದು ಯಾರಿಗೂ ಬೇಕೆನಿಸುವುದಿಲ್ಲ.

ಬರಿಯ ಸಿಮೆಂಟ್ ನೆಲ ಇರುವಷ್ಟು ದಿನ ತೊಂದರೆಯಿಲ್ಲ. ಕೆಳಗಿನಿಂದ ಬಂದ ತೇವ ಮೇಲೆ ಗಾಳಿಗೆ ಆರಿಹೋಗುತ್ತಿರುತ್ತದೆ, ನೆಲ ಒಣಗಿದಂತೆಯೇ ಕಾಣುತ್ತದೆ. ಅದರ ಮೇಲೆ ಎಪಾಕ್ಸಿ ಬಳಿದರೆ ಬೋಗುಣಿಗೆ ಮುಚ್ಚಳ ಹಾಕಿದಂತೆ. ಆವಿ ಹೊರಗೆ ಹೋಗಲಾರದೆ ಪದರದ ಅಡಿಯಲ್ಲೇ ಸೇರುತ್ತದೆ, ದಾರಿಯಲ್ಲಿ ಕಾಂಕ್ರೀಟ್‌ನ ಕ್ಷಾರವನ್ನೂ ಲವಣವನ್ನೂ ಕರಗಿಸಿಕೊಂಡು ಬಂದಿರುತ್ತದೆ. ಆ ಉಪ್ಪುನೀರು ಇನ್ನಷ್ಟು ನೀರನ್ನು ತನ್ನತ್ತ ಎಳೆಯುತ್ತದೆ. ಮೊದಲು ಕಡಲೆಕಾಳಿನಷ್ಟು ಗುಳ್ಳೆ, ಆಮೇಲೆ ಅಂಗೈ ಅಗಲದ ಬೊಬ್ಬೆ, ಕೊನೆಗೆ ಸಿಪ್ಪೆ. ಮೇಲಿನಿಂದ ಬೀಳುವ ನೀರನ್ನು ಎಪಾಕ್ಸಿ ಚೆನ್ನಾಗಿ ತಡೆಯುತ್ತದೆ. ಕೆಳಗಿನಿಂದ ಬರುವ ತೇವವನ್ನು ಸಾಮಾನ್ಯ ಎಪಾಕ್ಸಿ ತಡೆಯುವುದಿಲ್ಲ, ಅದರಿಂದಲೇ ಸೋಲುತ್ತದೆ. ನೀರು ಜಿನುಗುವುದಕ್ಕೆ ಮದ್ದು ಎಂದು ಫಾರ್ವರ್ಡ್ ಹೇಳುವುದು ಇಲ್ಲಿ ಪೂರ್ತಿ ತಲೆಕೆಳಗು.

ಒಂದೂವರೆ ಅಡಿ ಪ್ಲಾಸ್ಟಿಕ್, ಒಂದು ರಾತ್ರಿ

ನಿಮ್ಮ ನೆಲದ ತೇವ ನೋಡಲು ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಕೆಳಗಿನ ಸಿಮೆಂಟ್ ಸುತ್ತಲಿಗಿಂತ ಕಪ್ಪಾಗಿದ್ದರೆ, ಕೆಳಗಿನಿಂದ ತೇವ ಬರುತ್ತಿದೆ ಎಂದರ್ಥ. ಇದು ಮನೆಮದ್ದಲ್ಲ, ಎಎಸ್‌ಟಿಎಮ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಡಿ4263 ಪರೀಕ್ಷೆ ಇದೇ. ಪಾರ್ಕಿಂಗ್‌ನ ಮೂರ್ನಾಲ್ಕು ಕಡೆ ಹಾಕಿ. ಸಂಪಿನ ಪಕ್ಕ, ಚರಂಡಿಗೆ ಹತ್ತಿರದ ಮೂಲೆ, ಗಿಡಕ್ಕೆ ನೀರು ಹಾಕುವ ಕಡೆ ಬಿಡಬೇಡಿ.

ಒಂದು ಎಚ್ಚರಿಕೆ. ಹನಿ ಕಂಡರೆ ತೇವ ಇರುವುದು ಖಚಿತ, ಕಾಣದಿದ್ದರೆ ಇಲ್ಲ ಎನ್ನುವುದು ಖಚಿತವಲ್ಲ. ಮಾರ್ಚ್ ತಿಂಗಳಲ್ಲಿ ಮೇಲಿನ ಒಂದೆರಡು ಇಂಚು ಒಣಗಿ, ತೇವ ಆಳದಲ್ಲೇ ಉಳಿದಿರಬಹುದು. ಆದ್ದರಿಂದ ಕೋಟಿಂಗ್ ಬೇಸಿಗೆಯಲ್ಲಿ ಹಾಕಿಸುವುದಾದರೂ ಈ ಪರೀಕ್ಷೆಯನ್ನು ಹಿಂದಿನ ಮಳೆಗಾಲದಲ್ಲೇ ಒಮ್ಮೆ ಮಾಡಿಟ್ಟುಕೊಳ್ಳುವುದು ಜಾಣತನ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗಂತೂ ಜುಲೈನಲ್ಲಿ ಮಾಡಿದ ಪರೀಕ್ಷೆಯೇ ನಿಜ ಹೇಳುವುದು. ನೆಲದಲ್ಲಿ ಮಳೆಗಾಲ ಮುಗಿದ ಮೇಲೆ ಬಿಳಿ ಉಪ್ಪಿನ ಪುಡಿ ಏಳುತ್ತಿದ್ದರೆ ಪ್ಲಾಸ್ಟಿಕ್ ಕೂಡ ಬೇಡ, ಉತ್ತರ ಕಣ್ಣೆದುರಿಗೇ ಇದೆ.

ತೇವ ಇದ್ದರೂ ಹಾಕಿಸಲೇಬೇಕೆಂದರೆ ತೇವ ತಡೆಯಲೆಂದೇ ತಯಾರಿಸಿದ ಎಪಾಕ್ಸಿ ಪ್ರೈಮರ್‌ಗಳಿವೆ. ಅದರ ಖರ್ಚು ಬೇರೆ, ಕೆಲಸದಲ್ಲಿ ಅಳತೆ ತಪ್ಪುವಂತಿಲ್ಲ. ಹೊಸದಾಗಿ ಹಾಕಿದ ಕಾಂಕ್ರೀಟ್‌ಗೆ ಕನಿಷ್ಠ 28 ದಿನ ಕೊಡಬೇಕು. ಗೃಹಪ್ರವೇಶಕ್ಕೆ ಮುಂಚೆ ನೆಲ ಮಿಂಚಬೇಕು ಎಂಬ ಆತುರವೇ ಎಷ್ಟೋ ಕಡೆ ಮೊದಲ ತಪ್ಪು.

ಆಸಿಡ್ ಹಾಕುವ ಮುನ್ನ

ಎಪಾಕ್ಸಿ ನುಣುಪಾದ ಮೈಯನ್ನು ಹಿಡಿಯುವುದಿಲ್ಲ. ನಮ್ಮ ಮೇಸ್ತ್ರಿಗಳು ಪಾರ್ಕಿಂಗ್ ನೆಲಕ್ಕೆ ಕೊನೆಯಲ್ಲಿ ಒಣ ಸಿಮೆಂಟ್ ಉದುರಿಸಿ, ನೀರು ಚಿಮುಕಿಸಿ, ಕರಣೆಯಿಂದ ಉಜ್ಜಿ ನಯ ಮಾಡುತ್ತಾರೆ. ನೋಡಲು ಚೆನ್ನ. ಆದರೆ ಮೇಲಿನ ಆ ತೆಳು ಪದರ ಬಹಳ ಸಲ ದುರ್ಬಲವಾಗಿರುತ್ತದೆ. ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಬೂದಿಯಂಥ ಪುಡಿ ಹತ್ತುವುದು ಅದರಿಂದಲೇ. ಎಪಾಕ್ಸಿ ಆ ಪುಡಿಗೆ ಅಂಟಿಕೊಳ್ಳುತ್ತದೆ, ಪುಡಿ ನೆಲಕ್ಕೆ ಅಂಟಿರುವುದಿಲ್ಲ. ಉಜ್ಜಿ ಉಜ್ಜಿ ಹೊಳಪು ಬಂದ ಹಳೆಯ ರೆಡ್ ಆಕ್ಸೈಡ್ ನೆಲದ ಸಮಸ್ಯೆ ಬೇರೆ. ಅಲ್ಲಿ ರಂಧ್ರಗಳೇ ಮುಚ್ಚಿರುತ್ತವೆ, ಜೊತೆಗೆ ವರ್ಷಗಟ್ಟಲೆ ಹಚ್ಚಿದ ಎಣ್ಣೆಯೋ ಮೇಣವೋ ಇರುತ್ತದೆ. ಅಂಥ ನೆಲವಿದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ನೆಲದ ಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಬಿಟ್ಟು ನೋಡಿ. ಒಂದೆರಡು ನಿಮಿಷದಲ್ಲಿ ಹೀರಿಕೊಂಡು ಕಪ್ಪಾದರೆ ರಂಧ್ರಗಳು ತೆರೆದಿವೆ. ಕೆಸುವಿನ ಎಲೆಯ ಮೇಲಿನಂತೆ ಹನಿ ಮುತ್ತಾಗಿ ನಿಂತರೆ ಅಲ್ಲಿ ಎಣ್ಣೆ, ಗ್ರೀಸ್ ಅಥವಾ ಹಳೆಯ ಪಾಲಿಶ್ ಇದೆ. ಅಲ್ಲಿ ಎಪಾಕ್ಸಿಯೂ ಇಳಿಯುವುದಿಲ್ಲ.

ಈ ನಯವನ್ನು ಒರಟು ಮಾಡಲು ಫಾರ್ವರ್ಡ್‌ಗಳು ಹೇಳುವುದು ಆಸಿಡ್, ಅಂದರೆ ಮ್ಯೂರಿಯಾಟಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ. ಸಿಮೆಂಟನ್ನು ಅದು ಕರಗಿಸುವುದು ನಿಜ, ನೊರೆ ಬರುವುದು ಅದಕ್ಕೇ. ಆದರೆ ಎಣ್ಣೆ ಕಲೆಯನ್ನು ಅದು ಮುಟ್ಟುವುದೇ ಇಲ್ಲ. ತೊಳೆಯಲು ಸುರಿದ ನೀರನ್ನೆಲ್ಲ ನೆಲ ಕುಡಿಯುತ್ತದೆ. ಆಮ್ಲ ಮತ್ತು ಸುಣ್ಣ ಸೇರಿ ಆಗುವ ಕ್ಯಾಲ್ಸಿಯಂ ಕ್ಲೋರೈಡ್ ಸರಿಯಾಗಿ ತೊಳೆದುಹೋಗದಿದ್ದರೆ ರಂಧ್ರದಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಬೀರುವಿನೊಳಗೆ ಇಡುವ, ತೇವ ಹೀರಿ ನೀರಾಗುವ ಡಬ್ಬಿ ನೋಡಿದ್ದೀರಲ್ಲ? ಅದರೊಳಗಿರುವುದು ಇದೇ ಲವಣ. ಅದನ್ನು ಎಪಾಕ್ಸಿಯ ಕೆಳಗೆ ಬಿಟ್ಟಂತಾಯಿತು.

ಇದಕ್ಕಿಂತ ದೊಡ್ಡ ಮಾತು ಆರೋಗ್ಯದ್ದು. ಪಾಚಿ ಹೋಗಲೆಂದು ಅದೇ ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ನಮ್ಮಲ್ಲಿದೆ. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲನೇ ವಿಶ್ವಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ ಅದು. ಗಾಳಿಗಿಂತ ಭಾರವಾದ್ದರಿಂದ ತಗ್ಗಿನ ಪಾರ್ಕಿಂಗ್‌ನಲ್ಲಿ ನೆಲಕ್ಕಂಟಿ ನಿಲ್ಲುತ್ತದೆ. ಬಗ್ಗಿ ಉಜ್ಜುತ್ತಿರುವವರ ಮೂಗಿಗೆ ನೇರ ಹೋಗುತ್ತದೆ. ಎರಡನ್ನೂ ಒಂದರ ಹಿಂದೊಂದು ಎಂದಿಗೂ ಬಳಸಬೇಡಿ. ಹಾಗೇನಾದರೂ ಆಗಿ ಕಣ್ಣುರಿ, ಕೆಮ್ಮು, ಎದೆ ಬಿಗಿತ ಶುರುವಾದರೆ ತೊಳೆಯಲು ನಿಲ್ಲದೆ ಎಲ್ಲರೂ ತೆರೆದ ಗಾಳಿಗೆ ಬನ್ನಿ, ಉಸಿರಾಟದ ತೊಂದರೆ ಉಳಿದರೆ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಒಂದು ಪ್ಯಾರಾ ಮಾಡಿ.

ಸರಿಯಾದ ದಾರಿ ಎಂದರೆ ಗ್ರೈಂಡಿಂಗ್. ವಜ್ರದ ಹಲ್ಲಿನ ಯಂತ್ರದಿಂದ ಮೇಲಿನ ದುರ್ಬಲ ಪದರವನ್ನು ಸವೆಸಿ, ನೆಲ ಮುಟ್ಟಿದರೆ ಉಪ್ಪುಕಾಗದದಂತೆ ಒರಟಾಗುವವರೆಗೆ ತೆಗೆದು, ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಬೇಕು. ಪೊರಕೆ ಸಾಲದು. ಎಣ್ಣೆ ಕಲೆಯನ್ನು ಗ್ರೈಂಡಿಂಗ್‌ಗೆ ಮೊದಲೇ ಡಿಗ್ರೀಸರ್ ಹಾಕಿ ತೆಗೆಯಬೇಕು. ಗ್ರೈಂಡಿಂಗ್ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುವುದರಿಂದ ಕೆಲಸದವರಿಗೆ ಮುಖಕ್ಕೆ ಕಟ್ಟಿದ ಟವೆಲ್ ಸಾಕಾಗುವುದಿಲ್ಲ, ಸರಿಯಾದ ಮಾಸ್ಕ್ ಬೇಕು. ವಿಡಿಯೊಗಳಲ್ಲಿ ಈ ಭಾಗ ಕಾಣುವುದೇ ಇಲ್ಲ. ಧೂಳು, ಸದ್ದು, ಒಂದು ದಿನದ ಕೂಲಿ ನೋಡಲು ಯಾರಿಗೆ ಬೇಕು?

ಡಬ್ಬಿಯೊಳಗೆ ಏನಿದೆ

ಎಪಾಕ್ಸಿ ಸುಣ್ಣ, ಡಿಸ್ಟೆಂಪರ್‌ನಂತೆ ಒಣಗುವ ಬಣ್ಣವಲ್ಲ. ಒಂದು ಡಬ್ಬಿ ರೆಸಿನ್, ಇನ್ನೊಂದು ಡಬ್ಬಿ ಹಾರ್ಡನರ್. ಎರಡೂ ಸೇರಿದಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಆಗ ಶಾಖ ಹುಟ್ಟುತ್ತದೆ. ಅಳತೆ ಹೆಚ್ಚುಕಡಿಮೆಯಾದರೆ ಬಲೆ ಪೂರ್ತಿಯಾಗದೆ ನೆಲ ಕೊನೆಯವರೆಗೂ ಅಂಟಂಟಾಗಿ ಉಳಿಯುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಜಾಸ್ತಿ ಹಾಕುವುದು ತಪ್ಪು. ಬೆರೆಸಿದ್ದನ್ನು ಬಕೆಟ್‌ನಲ್ಲೇ ಬಿಟ್ಟು ಊಟಕ್ಕೆ ಹೋದರೆ ಬಿಸಿ ಒಳಗೇ ಕೂಡಿ ಹೊಗೆಯಾಡುವಷ್ಟು ಕಾಯಬಹುದು. ಹಾರ್ಡನರ್‌ನಲ್ಲಿರುವ ಅಮೈನ್‌ಗಳು ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಬಂದ ಅಲರ್ಜಿ ಆಮೇಲೆ ಸಣ್ಣ ಹನಿಗೂ ಕೆರಳುತ್ತದೆ. ಕೆಲಸದವರಿಗೆ ಕೈಗವಸು ನೀವೇ ತಂದುಕೊಟ್ಟರೂ ತಪ್ಪಿಲ್ಲ.

ಒಂದೇ ಡಬ್ಬಿಯಲ್ಲಿ, ಬೆರೆಸುವ ಗೋಜಿಲ್ಲದೆ ಬರುವ ಎಪಾಕ್ಸಿ ಪೇಂಟ್ ಸಾಮಾನ್ಯವಾಗಿ ಎಪಾಕ್ಸಿಯ ಅಂಶ ಸ್ವಲ್ಪ ಸೇರಿಸಿದ ಬೇರೆ ಬಣ್ಣ. ಅದಕ್ಕಿಂತ ಕೆಟ್ಟ ಆಯ್ಕೆ, ಗೇಟಿಗೆ ಹಚ್ಚಿ ಉಳಿದ ಎನಾಮಲ್ ಪೇಂಟ್. ಕಾಂಕ್ರೀಟ್ ಬಲವಾದ ಕ್ಷಾರ, ಎನಾಮಲ್‌ನಲ್ಲಿ ಎಣ್ಣೆಯ ಅಂಶವಿರುತ್ತದೆ. ಕ್ಷಾರ ಮತ್ತು ಎಣ್ಣೆ ಸೇರಿದರೆ ಆಗುವುದು ಸಾಬೂನು, ಮೈಗೆ ಹಚ್ಚುವ ಸೋಪನ್ನು ತಯಾರಿಸುವ ಕ್ರಿಯೆಯೇ ಇದು. ಕೆಲವೇ ತಿಂಗಳಲ್ಲಿ ಬಣ್ಣ ಮೆತ್ತಗಾಗಿ ಕಿತ್ತುಬರುತ್ತದೆ.

ದಪ್ಪದ ವಿಚಾರದಲ್ಲಿ ಒಂದು ಲೆಕ್ಕ ಎಲ್ಲರಿಗೂ ತಿಳಿದಿರಲಿ. ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ಮೇಲೆ ಹರಡಿದರೆ ಒಂದು ಮಿಲಿಮೀಟರ್, ಅಂದರೆ 1000 ಮೈಕ್ರಾನ್ ದಪ್ಪ. 12 ಅಡಿ ಅಗಲ, 20 ಅಡಿ ಉದ್ದದ ಪಾರ್ಕಿಂಗ್ ಸುಮಾರು 22 ಚದರ ಮೀಟರ್. ಅದಕ್ಕೆ ಒಂದು ಲೀಟರ್ ಸಾಕು ಎಂದು ಯಾರಾದರೂ ಹೇಳಿದರೆ ಸಿಗುವುದು 45 ಮೈಕ್ರಾನ್. ಅದರಲ್ಲಿ ಅರ್ಧ ನೀರೋ ಥಿನ್ನರ್ರೋ ಆಗಿ ಹಾರಿಹೋದರೆ ಉಳಿಯುವುದು 22 ಮೈಕ್ರಾನ್ ಚಿಲ್ಲರೆ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಅದರ ಮೇಲೆ ಬೈಕಿನ ಸೈಡ್ ಸ್ಟ್ಯಾಂಡ್ ಎಷ್ಟು ದಿನ ನಿಲ್ಲಿಸುತ್ತೀರಿ? 300 ಮೈಕ್ರಾನ್ ಬೇಕೆಂದರೆ, ಏನೂ ಹಾರಿಹೋಗದ ಮಾಲಿನಲ್ಲೂ, ಸುಮಾರು ಆರೂಮುಕ್ಕಾಲು ಲೀಟರ್ ಬೇಕು. ಕೊಟೇಶನ್‌ನಲ್ಲಿ ಎರಡು ಕೋಟ್, ಮೂರು ಕೋಟ್ ಎಂದು ಬರೆದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಣಗಿದ ಮೇಲೆ ಎಷ್ಟು ಮೈಕ್ರಾನ್, ಒಟ್ಟು ಎಷ್ಟು ಲೀಟರ್ ಎಂದು ಬರೆಸಿಕೊಳ್ಳಿ.

ಟೈರ್, ಬಿಸಿಲು, ಮಳೆ

ಕಾರು ನಿಲ್ಲುವ ನಾಲ್ಕು ಜಾಗದಲ್ಲಿ ಮಾತ್ರ ಪದರ ಕಿತ್ತು ಟೈರಿಗೆ ಅಂಟಿ ಬರುವುದುಂಟು. ಮನೆಯ ಉಷ್ಣಾಂಶದಲ್ಲಿ ಗಟ್ಟಿಯಾದ ಅನೇಕ ಎಪಾಕ್ಸಿಗಳು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ಏಪ್ರಿಲ್‌ನ ಮಧ್ಯಾಹ್ನ ಹೈವೇಯಲ್ಲಿ ನೂರಾರು ಕಿಲೋಮೀಟರ್ ಓಡಿ ಬಂದ ಟೈರ್ ಅಷ್ಟು ಬಿಸಿಯಾಗಿರಬಲ್ಲದು. ಬಿಸಿ ರಬ್ಬರ್ ಕೆಳಗಿನ ಪದರವನ್ನು ಮೆತ್ತಗೆ ಮಾಡಿ, ತಣ್ಣಗಾಗುತ್ತಾ ಕುಗ್ಗಿ ಅದನ್ನು ಹಿಡಿದೆಳೆಯುತ್ತದೆ. ರಬ್ಬರ್‌ನಿಂದ ಒಸರುವ ರಾಸಾಯನಿಕಗಳೂ ಪದರವನ್ನು ಮೆತ್ತಗಾಗಿಸುತ್ತವೆ. ಹಿಡಿತ ಗಟ್ಟಿಯಿದ್ದರೆ ಕಲೆ ಮಾತ್ರ ಉಳಿಯುತ್ತದೆ. ನೆಲ ನಯವಾಗಿದ್ದು ಹಿಡಿತ ಸಡಿಲವಿದ್ದರೆ ಸಿಪ್ಪೆ ಬರುತ್ತದೆ.

ಬಿಸಿಲು ಬೀಳುವ ಪೋರ್ಟಿಕೋ ಆದರೆ ಇನ್ನೊಂದು ಮಾತು. ಸೂರ್ಯನ ಅತಿನೇರಳೆ ಕಿರಣಕ್ಕೆ ಎಪಾಕ್ಸಿ ಹಳದಿಯಾಗುತ್ತದೆ, ಹೊಳಪು ಹೋಗಿ ಮೇಲ್ಮೈ ಪುಡಿಯಾಗುತ್ತದೆ. ಗೇಟಿನ ಬದಿಯ ಅರ್ಧ ಹಳದಿ, ಒಳಗಿನ ಅರ್ಧ ಬೂದು ಆಗುವುದು ಹೀಗೆ. ಅದಕ್ಕೆ ಎಪಾಕ್ಸಿಯ ಮೇಲೆ ಅಲಿಫ್ಯಾಟಿಕ್ ಪಾಲಿಯುರೆಥೇನ್ ಅಥವಾ ಪಾಲಿಆಸ್ಪಾರ್ಟಿಕ್ ಎಂಬ ಪದರ ಹಾಕುತ್ತಾರೆ. ಇವೆರಡೂ ಬಿಸಿಲು ತಡೆಯುತ್ತವೆ, ಗೀರಿಗೂ ಹೆಚ್ಚು ಬಗ್ಗುವುದಿಲ್ಲ. ಪಾಲಿಆಸ್ಪಾರ್ಟಿಕ್ ಕೆಲವೇ ಗಂಟೆಯಲ್ಲಿ ಗಟ್ಟಿಯಾಗುತ್ತದೆ ಎಂಬುದೇ ಅದರ ಜಾಹೀರಾತು, ಅದೇ ಅದರ ತೊಡಕು ಕೂಡ. ಕೈಚಳಕವಿಲ್ಲದವರ ಕೈಯಲ್ಲಿ ಹರಡುವ ಮೊದಲೇ ಗಟ್ಟಿಯಾಗಿ ಗೆರೆ ಉಳಿಯುತ್ತದೆ. ಬೆಲೆಯೂ ಹೆಚ್ಚು. ಈ ಎರಡರ ಹಾರ್ಡನರ್‌ನಲ್ಲೂ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಅದು ಅಸ್ತಮಾ ತರಬಲ್ಲದು. ಸ್ಪ್ರೇ ಮಾಡಿಸಬೇಡಿ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಒಂದೆರಡು ದಿನ ಬೇರೆ ಕಡೆ ಇರಲಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹಾರ್ಡನರ್ ಜೊತೆ ಸೇರಿ ಎಪಾಕ್ಸಿಯ ಮೇಲೆ ಬಿಳಿಯ ಜಿಡ್ಡಿನ ಪೊರೆ ಕಟ್ಟುತ್ತದೆ, ಮುಂದಿನ ಪದರ ಅದಕ್ಕೆ ಅಂಟುವುದಿಲ್ಲ. ಬಿಸಿಲು ಏರುತ್ತಿರುವ ಬೆಳಿಗ್ಗೆಯೂ ಒಳ್ಳೆಯದಲ್ಲ. ನೆಲ ಕಾಯುತ್ತಿದ್ದಂತೆ ರಂಧ್ರದೊಳಗಿನ ಗಾಳಿ ಹಿಗ್ಗಿ ಹೊರಬಂದು ಪದರದಲ್ಲಿ ಸೂಜಿಮೊನೆಯ ತೂತು ಮಾಡುತ್ತದೆ. ನೆಲ ತಣಿಯುತ್ತಿರುವ ಸಂಜೆ ಹೊತ್ತು ವಾಸಿ. ಕನ್ನಡಿ ಹೊಳಪಿನ ಮೋಹವನ್ನೂ ಬಿಡಬೇಕು. ಒದ್ದೆಯಾದ ನಯ ಎಪಾಕ್ಸಿ ಮೇಲೆ ಅಜ್ಜಿಯೋ ತಾತನೋ ಜಾರಿ ಬಿದ್ದರೆ ಸೊಂಟದ ಮೂಳೆಯ ವಿಷಯ. ಮೇಲಿನ ಪದರ ಹಸಿಯಿರುವಾಗಲೇ ಸಣ್ಣ ಸಿಲಿಕಾ ಮರಳು ಉದುರಿಸಿದರೆ ಕಾಲು ಹಿಡಿಯುತ್ತದೆ; ಗುಡಿಸುವುದು ಸ್ವಲ್ಪ ಕಷ್ಟ, ಅಷ್ಟೇ.

ಬಳಿಯದೇ ಇರುವುದೂ ಒಂದು ಆಯ್ಕೆ

ಧೂಳು ಏಳುವುದೊಂದೇ ನಿಮ್ಮ ತೊಂದರೆಯಾದರೆ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ದ್ರವ ಸಾಕಾಗಬಹುದು. ಡೆನ್ಸಿಫೈಯರ್ ಎಂದು ಮಾರುತ್ತಾರೆ. ಅದು ಮೇಲೆ ಪದರವಾಗಿ ಕೂರುವುದಿಲ್ಲ, ರಂಧ್ರದೊಳಗಿನ ಸುಣ್ಣದ ಜೊತೆ ಸೇರಿ ಸಿಮೆಂಟಿನ ಅಂಟಿನಂಥದ್ದೇ ವಸ್ತುವಾಗಿ ಗಟ್ಟಿಗೊಳ್ಳುತ್ತದೆ. ಪದರವೇ ಇಲ್ಲದ ಮೇಲೆ ಸಿಪ್ಪೆ ಏಳುವ ಮಾತಿಲ್ಲ, ತೇವವೂ ಆರಿಹೋಗುತ್ತಿರುತ್ತದೆ. ಎಂಜಿನ್ ಆಯಿಲ್ ಕಲೆಯನ್ನು, ಬ್ಯಾಟರಿಯ ಆಸಿಡ್ಡನ್ನು ಅದು ತಡೆಯುವುದಿಲ್ಲ, ಬಣ್ಣವೂ ಬರುವುದಿಲ್ಲ.

ತೇವ ಹೆಚ್ಚಿರುವ ನೆಲಕ್ಕೆ ನನ್ನ ಮತ ಹಳೆಯ ದಾರಿಗೇ. ಮೈ ಒರಟು ಮಾಡಿದ ಗ್ರಾನೈಟ್, ಸಾದರಹಳ್ಳಿ ಕಲ್ಲು, ಶಹಾಬಾದ್ ಕಲ್ಲು, ಇಲ್ಲವೇ ದಪ್ಪ ಪಾರ್ಕಿಂಗ್ ಟೈಲ್. ಕಲ್ಲಿನ ಸಂದಿನಲ್ಲಿ ನೆಲ ಉಸಿರಾಡುತ್ತದೆ. ಒಂದು ಟೈಲ್ ಒಡೆದರೆ ಒಂದನ್ನೇ ಬದಲಿಸಬಹುದು. ಟೈಲ್‌ನ ಕೆಳಗೆ ಟೊಳ್ಳು ಬಿಡದೆ ಪೂರ್ತಿ ಗಾರೆ ತುಂಬಿಸುವುದನ್ನು ಮಾತ್ರ ನಿಂತು ನೋಡಿ, ಟೈರಿನ ಭಾರಕ್ಕೆ ಒಡೆಯುವುದು ಟೊಳ್ಳಿರುವ ಕಡೆಯೇ.

ಈಗಾಗಲೇ ಸಿಪ್ಪೆ ಎದ್ದಿದ್ದರೆ ಹಣ ಮತ್ತೆ ಸುರಿಯುವ ಮೊದಲು ಒಂದು ಚೂರು ಕಿತ್ತು ಅದರ ತಳ ನೋಡಿ. ಸಿಮೆಂಟ್ ಪುಡಿ ಅಂಟಿ ಬಂದಿದ್ದರೆ ಮೇಲ್ಪದರ ದುರ್ಬಲವಿತ್ತು, ಗ್ರೈಂಡಿಂಗ್ ಆಗಿಲ್ಲ. ತಳ ಗಾಜಿನಂತೆ ನಯವಾಗಿದ್ದರೆ ನೆಲ ನುಣುಪಾಗಿತ್ತು ಅಥವಾ ಎಣ್ಣೆ ಇತ್ತು. ಒದ್ದೆಯಿದ್ದು ಬಿಳಿ ಉಪ್ಪು ಕಂಡರೆ ತೇವ. ಅದರ ಮೇಲೆ ಇನ್ನೊಂದು ಕೋಟ್ ಹೊಡೆದರೆ ಹೊಸ ಪದರ ಹಳೆಯದನ್ನು ಹಿಡಿದುಕೊಳ್ಳುತ್ತದೆ, ಹಳೆಯದು ಏನನ್ನೂ ಹಿಡಿದಿರುವುದಿಲ್ಲ. ಪೂರ್ತಿ ಕೆತ್ತಿ ತೆಗೆಯದೆ ದಾರಿಯಿಲ್ಲ.

ಹಾಕಿಸುವುದೇ ಎಂದು ನಿಶ್ಚಯಿಸಿದರೆ, ವಾರಂಟಿ ಕಾಗದದ ಕೊನೆಯ ಸಾಲುಗಳನ್ನು ಮೊದಲು ಓದಿ. ನೆಲದಡಿಯ ತೇವದಿಂದ ಆದ ಹಾನಿಗೆ ವಾರಂಟಿ ಇಲ್ಲ ಎಂದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ. 20 ವರ್ಷದ ಮಾತು ಅಲ್ಲಿಗೆ ಮುಗಿಯಿತು. ಕೆಲಸ ಮುಗಿದ ಮರುದಿನ ಎಪಾಕ್ಸಿ ಮೇಲೆ ನಡೆಯಬಹುದು, ಕಾರು ನಿಲ್ಲಿಸಲು ಸುಮಾರು ಏಳು ದಿನ ಬೇಕು. ಅಷ್ಟು ದಿನ ಕಾರು ಎಲ್ಲಿ ನಿಲ್ಲುತ್ತದೆ ಎಂದು ಎದುರು ಮನೆಯವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ.